ಸ್ಟಿಲ್ ಲೈಫ್‌ಗೆ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ. ಮಡಿಕೇರಿಯಲ್ಲಿ ನಮ್ಮ ಪರಿಚಯದ ಕಲಾವಿದೆಯೊಬ್ರು ಏಕವ್ಯಕ್ತಿ ಪ್ರದರ್ಶನ ಮಾಡ್ತಿದಾರೆ, ಚಿತ್ರಗಳ ಪಕ್ಕ ಹಾಕೋ ಕನ್ನಡ ಚೀಟಿ ಬರೆಯೋ ಕೆಲಸ ನಂದು. ಯುರೋಪಿನ ಹಳೇ ಪ್ರಕಾರಗಳು ಇದಾವಲ್ಲ, ಪೋರ್ಟ್ರೇಟು, ಲ್ಯಾಂಡ್‌ಸ್ಕೇಪು, ಸ್ಟಿಲ್ ಲೈಫು (ಹಣ್ಣು, ಹೂವು, ಪಾತ್ರೆ ಥರದ ಸಾಮಾನು ಜೋಡಿಸಿಟ್ಟು ಬರೆಯೋ ಚಿತ್ರ), ಅವನ್ನೇ ತಗೊಂಡು ಕನಸಲ್ಲಿ ಕಂಡಂಗೆ ಮಾಡಿದಾರೆ. ಒಂದ್ರಲ್ಲಿ ಕೊಡವರ ಉಡುಪಲ್ಲಿ, ಕುಪ್ಯ ಅನ್ನೋ ನಿಲುವಂಗಿ ಹಾಕಿ, ಸೊಂಟಕ್ಕೆ ಚೇಲೆ ಪಟ್ಟಿ ಕಟ್ಟಿ, ಪೀಚೆಕತ್ತಿ ಅನ್ನೋ ಕಿರುಗತ್ತಿ ಸಿಕ್ಕಿಸ್ಕೊಂಡ ಅಜ್ಜ ನೆಟ್ಟಗೆ ಕೂತಿದಾರೆ, ಮುಖ ಇರ್ಬೇಕಾದ ಕಡೆ ಒಳ್ಳೆಮೆಣಸಿನ ಬಳ್ಳಿ. ಇನ್ನೊಂದ್ರಲ್ಲಿ ಕಿತ್ತಳೆ, ಕಾಫಿ ಲೋಟ, ಒಡಿಕತ್ತಿ (ಕೊಡವರ ಅಗಲ ಅಲಗಿನ ಕತ್ತಿ) ಎಲ್ಲಾ ಮೇಜಿಂದ ಒಂದು ಗೇಣು ಮೇಲೆ ತೇಲ್ತಿವೆ, ನೆರಳು ಮಾತ್ರ ಮೇಜಿಗೇ ಅಂಟ್ಕೊಂಡಿದೆ.

ಭಾವಚಿತ್ರ, ನಿಸರ್ಗಚಿತ್ರ ಸರಿಹೋದ್ವು. ಮುಖನೇ ಇಲ್ದಿದ್ರೂ ಭಾವಚಿತ್ರ ಅನ್ನೋಕೆ ಏನೂ ಅಡ್ಡಿ ಕಾಣಲ್ಲ. ಸಿಕ್ಕಾಕ್ಕೊಂಡಿದ್ದು ಸ್ಟಿಲ್ ಲೈಫಲ್ಲಿ.

ಸ್ಥಿರಚಿತ್ರ ಅಂದ್ರೆ ಸಿನಿಮಾದ ಸ್ಟಿಲ್ ಫೋಟೋ ನೆನಪಾಗತ್ತೆ. ಸ್ತಬ್ಧಚಿತ್ರ ಅಂದ್ರೆ ದಸರಾ ಮೆರವಣಿಗೆ, ಅದೂ ಮಡಿಕೇರಿ ಜನಕ್ಕೆ ದಶಮಂಟಪದ ಬೊಂಬೆಗಳು ರಾತ್ರಿಯಿಡೀ ಕೈಕಾಲು ಆಡಿಸೋದು ನೋಡಿ ಅಭ್ಯಾಸ, ಸ್ತಬ್ಧ ಅನ್ನೋ ಮಾತೇ ಇಲ್ಲಿ ಒಗ್ಗಲ್ಲ. ಒಬ್ಬ ಸ್ನೇಹಿತರು ಜಡವಸ್ತು ಚಿತ್ರ ಅಂತ ಹಾಕಿ ಅಂದ್ರು, ಫ್ರೆಂಚಲ್ಲೂ ನಾತ್ಯೂರ್ ಮೋರ್ತ್ ಅಂದ್ರೆ ಸತ್ತ ಪ್ರಕೃತಿ ಅಂತಾನೇ ಅಲ್ವಾ ಅಂತ. ನಂಗೆ ಇದೇ ಒಪ್ಪಿಗೆ ಆಗ್ತಿಲ್ಲ. ಫ್ರಾನ್ಸಲ್ಲಿ ಫೆಲಿಬಿಯೆನ್ ಅನ್ನೋ ಕಲಾಬರಹಗಾರ 1667ರಲ್ಲಿ ಚಿತ್ರಪ್ರಕಾರಗಳಿಗೆ ಮೇಲು ಕೀಳು ಅಂತ ಸಾಲು ಹಾಕಿದಾಗ, ಪುರಾಣ ಇತಿಹಾಸದ ಚಿತ್ರ ಮೇಲೆ, ಹಣ್ಣು ಹೂವು ಬರೆಯೋರು ಎಲ್ರಿಗಿಂತ ಕೆಳಗೆ, ಯಾಕಂದ್ರೆ ಅವಕ್ಕೆ ಜೀವ ಇಲ್ಲ. ನಾವು ಜಡ ಅಂತ ಬರೆದ್ರೆ ಆ ಹಳೇ ತೀರ್ಪನ್ನೇ ಮತ್ತೆ ಗೋಡೆಗೆ ಹಚ್ಚಿದಂಗಾಗತ್ತೆ. ಬೆಲ್ಜಿಯಂನ ಚಿತ್ರಕಾರ ಮ್ಯಾಗ್ರಿಟ್ 1952ರಲ್ಲಿ ಬರೆದ ಚಿತ್ರದಲ್ಲಿ ಒಂದು ಬಾಚಣಿಗೆ ಮಂಚದ ಮೇಲೆ ನಿಂತು ಸೂರಿಗೆ ತಾಗೋ ಹಾಗಿದೆ, ಅದನ್ನ ಜಡ ಅನ್ನೋದು ಹೇಗೆ? ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ, ಕತ್ತಿ ಸಾಲಾಗಿಟ್ಟು ತೋಕ್‌ಪೂ ಅನ್ನೋ ಹೂವು ಮುಡಿಸಿ ಕೈಮುಗಿಯೋ ಊರಲ್ಲಂತೂ ಇಟ್ಟ ವಸ್ತುನ ಜಡ ಅಂತ ಬರೆಯೋಕೆ ಕೈ ಏಳಲ್ಲ.

ಸದ್ಯಕ್ಕೆ ವಸ್ತುಚಿತ್ರ ಅಂತ ಇಟ್ಕೊಂಡಿದೀನಿ, ಡ್ರಾಯಿಂಗ್ ಮೇಷ್ಟ್ರುಗಳ ಬಾಯಲ್ಲಿ ಇರೋ ಮಾತು, ಚಿಕ್ಕದು, ಸತ್ತಿದ್ದು ಬದುಕಿದ್ದು ಅನ್ನೋ ಗೋಜು ಇಲ್ಲ.

ಹೀಗೆ ಕನಸಲ್ಲಿ ಕಂಡಂಗೆ ಬರೆಯೋದಕ್ಕೆ ಸರ್ರಿಯಲ್ ಅಂತಾರಲ್ಲ, ಅದಕ್ಕೂ ಒಂದು ಕನ್ನಡ ಪದ ಬೇಕು. ಪಠ್ಯಗಳಲ್ಲಿ ಅತಿವಾಸ್ತವ ಅಂತಿರತ್ತೆ, ಆದ್ರೆ ಓದಿದವರು ಫೋಟೋ ಥರ ಬಹಳ ನಿಜವಾಗಿರೋ ಚಿತ್ರ ಅಂತ್ಕೋತಾರೆ, ಇಬ್ಬರು ಮೂವರ ಹತ್ರ ಕೇಳಿ ನೋಡ್ದೆ, ಎಲ್ರೂ ಹಾಗೇ ಹೇಳಿದ್ರು. ಈ ಪಂಥ ಶುರುಮಾಡಿದ ಫ್ರೆಂಚ್ ಕವಿ ಬ್ರೆತಾನ್ ಅವರ 1924ರ ಪ್ರಣಾಳಿಕೆಯಲ್ಲಿ ಇರೋದು ಕನಸೂ ಎಚ್ಚರವೂ ಕೂಡಿ ಆಗೋ ಇನ್ನೊಂದು ವಾಸ್ತವದ ಮಾತು. ಅದಕ್ಕೆ ಪರಾವಾಸ್ತವ ವಾಸಿ ಅನ್ಸತ್ತೆ.

ವಸ್ತುಚಿತ್ರಕ್ಕಿಂತ ಒಳ್ಳೇದು ಹಳೇ ಕಲಾಬರಹಗಳಲ್ಲಿ ಯಾರಿಗಾದ್ರೂ ಸಿಕ್ಕಿದ್ಯಾ? ಕೊಡವ ತಕ್ಕ್, ಅರೆಭಾಷೆ ಬಲ್ಲೋರು ಒಪ್ಪವಾಗಿ ಜೋಡಿಸಿಟ್ಟ ಸಾಮಾನಿಗೆ ಏನಂತಾರೆ ಅಂತ ತಿಳಿಸಿದ್ರೆ ಅದನ್ನೂ ಚೀಟಿಯಲ್ಲಿ ಸೇರಿಸ್ತೀನಿ, ಪ್ರಿಂಟಿಗೆ ಇನ್ನೂ ಕೊಟ್ಟಿಲ್ಲ.