ಐ5 ಹಾಕಿದ್ರೆ ಡಿಸ್‌ಪ್ಲೇ ಇಲ್ಲ. ಬೋರ್ಡೇ ಬದಲಿಸುವುದಾದ್ರೆ ಯಾವ ಪ್ರೊಸೆಸರ್?

ಕಾಪು ಕಡಲಬದಿ

ನಮಸ್ಕಾರ. ಯಕ್ಷಗಾನದ ಆಟ ರೆಕಾರ್ಡ್ ಮಾಡಿ ಎಡಿಟ್ ಮಾಡುವ ಹುಚ್ಚು ನನಗೆ. ಕಂಪ್ಯೂಟರ್ 2018ರದ್ದು. ಐ3-7100 ಪ್ರೊಸೆಸರ್, ಎಚ್110 ಬೋರ್ಡ್, 8+8 ಜಿಬಿ ಡಿಡಿಆರ್4 ರ‍್ಯಾಮ್. ಆಗ ಅಂಗಡಿಯವರು "ಈಗ ಐ3 ಸಾಕು, ಮುಂದೆ ಬೇಕಾದ್ರೆ ಐ5 ಹಾಕಿದ್ರೆ ಆಯ್ತು" ಅಂದಿದ್ರು. ಆ ಮಾತನ್ನೇ ನೆನಪಿಟ್ಟುಕೊಂಡು ಈಗ ಸೆಕೆಂಡ್‌ಹ್ಯಾಂಡ್ ಐ5-9400ಎಫ್ ತಂದೆ. ಎರಡಕ್ಕೂ ಸಾಕೆಟ್ (ಬೋರ್ಡಲ್ಲಿ ಪ್ರೊಸೆಸರ್ ಕೂರುವ ಜಾಗ) 1151 ಅಂತಲೇ ಉಂಟು, ಸರಿಯಾಗಿ ಕೂತಿತು ಕೂಡ. ಆದ್ರೆ ಫ್ಯಾನ್ ತಿರುಗ್ತದೆ ಅಷ್ಟೆ, ಡಿಸ್‌ಪ್ಲೇ ಬರುವುದಿಲ್ಲ. ರ‍್ಯಾಮ್ ತೆಗೆದು ರಬ್ಬರಲ್ಲಿ ಉಜ್ಜಿ ಹಾಕಿದೆ, ಬೋರ್ಡಿನ ಬ್ಯಾಟರಿ ತೆಗೆದು ಹಾಕಿದೆ, ಎಂತದೂ ಆಗ್ಲಿಲ್ಲ. ಮಳೆಗಾಲದ ತೇವಕ್ಕೆ ಬೋರ್ಡ್ ಹೋಯ್ತಾ?

ಮಣಿಪಾಲ ಬೆಂಚು

ಮೊದಲು ಹಳೇ ಐ3 ವಾಪಸ್ ಹಾಕಿ ನೋಡಿ. ಸಾಕೆಟ್ಟಿನ ಪಿನ್ನು ಬಗ್ಗಿದೆಯಾ ಅಂತ ಟಾರ್ಚ್ ಹಿಡಿದು ನೋಡಿಕೊಳ್ಳಿ.

ಕಾಪು ಕಡಲಬದಿ

ಹಾಕಿದೆ ಅಣ್ಣ. ಐ3ಯಲ್ಲಿ ಬಂತು! ಪಿನ್ನೂ ಸರಿ ಉಂಟು.

ಮಣಿಪಾಲ ಬೆಂಚು

ಹಾಗಾದ್ರೆ ಬೋರ್ಡ್ ಬದುಕಿದೆ, ತೇವದ ತಪ್ಪೂ ಅಲ್ಲ. 1151 ಅಂತ ಒಂದೇ ಹೆಸರಿದ್ದರೂ ಒಳಗೆ ಎರಡು ಜಾತಿ. 6 ಮತ್ತು 7ನೇ ತಲೆಮಾರಿನವು 100, 200 ಸರಣಿಯ ಬೋರ್ಡಿಗೆ. 8 ಮತ್ತು 9ನೇದು 300 ಸರಣಿಗೆ ಮಾತ್ರ. ನಿಮ್ಮ ಎಚ್110 ಬೋರ್ಡ್ 100 ಸರಣಿಯದ್ದು, 9400ಎಫ್ 9ನೇದು. ಇಂಟೆಲ್‌ನವರು ಪಿನ್ನುಗಳ ಹಂಚಿಕೆ ಬದಲಿಸಿ ಹೆಸರು ಮಾತ್ರ ಹಾಗೇ ಇಟ್ಟರು. ಇದರಲ್ಲಿ ಮೋಸ ಹೋದವರು ನೀವೊಬ್ಬರೇ ಅಲ್ಲ ಮಾರಾಯ್ರೆ.

ಇನ್ನೊಂದು. ಮಾನಿಟರ್ ಕೇಬಲ್ ಬೋರ್ಡಿಗೇ ಚುಚ್ಚಿದ್ದೀರಿ ಅಲ್ವಾ? 9400ಎಫ್‌ನಲ್ಲಿ ಗ್ರಾಫಿಕ್ಸ್ ಇಲ್ಲ, "ಎಫ್" ಅಂದ್ರೆ ಅದೇ. ಸರಿಯಾದ ಬೋರ್ಡಿಗೆ ಹಾಕಿದ್ದರೂ ಬೇರೆ ಕಾರ್ಡ್ ಇಲ್ಲದೆ ನಿಮಗೆ ಡಿಸ್‌ಪ್ಲೇ ಬರ್ತಿರಲಿಲ್ಲ.

ಬಿಜೈ ಬಾಯ್

ಬಯಾಸ್ (ಬೋರ್ಡನ್ನು ಶುರು ಮಾಡುವ ಅದರೊಳಗಿನ ಸಾಫ್ಟ್‌ವೇರ್) ತಿದ್ದಿ, ಪ್ರೊಸೆಸರಿನ ಅಡಿಯ ಕೆಲವು ಪ್ಯಾಡಿಗೆ ಟೇಪ್ ಹಚ್ಚಿ ಇಂಥ ಬೋರ್ಡಲ್ಲೂ ಓಡಿಸ್ತಾರೆ. ನೋಡಬಹುದು.

ಮಣಿಪಾಲ ಬೆಂಚು

ಓಡಿಸಿದವರು ಇದ್ದಾರೆ, ಹೌದು. ಒಂದೇ ಕಂಪ್ಯೂಟರ್ ಇರುವ ಮನೆಯಲ್ಲಿ ಆ ಸರ್ಕಸ್ ಬೇಡ.

ಈ ಬೋರ್ಡಿಗೆ ಆಗುವ ದೊಡ್ಡ ಚಿಪ್ಪುಗಳಲ್ಲೊಂದು ಐ7-7700. ಅದು ಹಾಕಿದ್ರೆ ಓಡ್ತದೆ, ಆದ್ರೆ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಳೇ ದೋಣಿಗೆ ಹೊಸ ಇಂಜಿನ್ ಇಟ್ಟ ಹಾಗೆ. ನಾನಾದ್ರೆ ಮಾಡುವುದಿಲ್ಲ. ಬಜೆಟ್ ಎಷ್ಟು? ಕ್ಯಾಮೆರಾ ಯಾವ ಫಾರ್ಮ್ಯಾಟಲ್ಲಿ ರೆಕಾರ್ಡ್ ಮಾಡ್ತದೆ?

ಕಾಪು ಕಡಲಬದಿ

ಬೋರ್ಡ್, ಪ್ರೊಸೆಸರ್ ಸೇರಿ 25 ಸಾವಿರ. ಅದಕ್ಕಿಂತ ಮೇಲೆ ಹೋದ್ರೆ ಮನೆಯಲ್ಲಿ ಉತ್ತರ ಕೊಡ್ಲಿಕ್ಕೆ ಕಷ್ಟ. ಕ್ಯಾಮೆರಾ ಹೊಸತು, 4ಕೆ, 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚು ಉಳಿಸುವ ಫಾರ್ಮ್ಯಾಟ್). ವೇಷದ ಬಣ್ಣ ಚಂದ ಬರ್ತದೆ, ಆದ್ರೆ ಟೈಮ್‌ಲೈನಲ್ಲಿ ಹಾಕಿದ್ರೆ ಭಾಗವತರ ಪದ ಒಂದು ಕಡೆ, ಕುಣಿತ ಒಂದು ಕಡೆ. ಅಂಗಡಿಯಲ್ಲಿ ರೈಜನ್ 5 5600ಜಿ ತಗೊಳ್ಳಿ ಅಂತಾರೆ. ಈ ಸಲ ಮಾತ್ರ ಮುಂದೆ ಅಪ್‌ಗ್ರೇಡ್ ಆಗುವುದೇ ಬೇಕು.

ಸುರತ್ಕಲ್ ಹಾಸ್ಟೆಲ್

ಹಾಗಿದ್ರೆ ಎಎಂ5 (ರೈಜನ್ ಮಾಡುವ ಎಎಂಡಿಯ ಸಾಕೆಟ್) ಬಿಟ್ಟು ಬೇರೆ ಮಾತೇ ಬೇಡ ಸರ್. 2022ರಲ್ಲಿ ಬಂದ ಸಾಕೆಟ್, ಎಎಂಡಿಯವರೇ 2027ರ ತನಕ ಮತ್ತು ಮುಂದೆಯೂ ಅಂತ ಹೇಳಿದ್ದಾರೆ. ಈಗ ರೈಜನ್ 5 7600 ಹಾಕಿ, ನಾಲ್ಕು ವರ್ಷ ಬಿಟ್ಟು ಹೊಸದು ಹಾಕಿ. ಅದರ ಹಿಂದಿನ ಎಎಂ4ನಲ್ಲಿ ನೋಡಿದ್ದೇವಲ್ಲ, 2017ರ ಬೋರ್ಡಿಗೆ ಬಯಾಸ್ ಅಪ್‌ಡೇಟ್ ಮಾಡಿ 2022ರ 5800ಎಕ್ಸ್3ಡಿ ಪ್ರೊಸೆಸರ್ ಹಾಕಿದವರಿದ್ದಾರೆ.

ಮಣಿಪಾಲ ಬೆಂಚು

ಸೊನ್ನೆಯಿಂದ ಕಟ್ಟುವವರಿಗೆ ನಿಮ್ಮ ಮಾತು ಸರಿ. ಇವರ ಕೈಯಲ್ಲಿ 16 ಜಿಬಿ ಡಿಡಿಆರ್4 ಉಂಟು, ಎಎಂ5ಗೆ ಅದು ಆಗುವುದಿಲ್ಲ, ಡಿಡಿಆರ್5 ಮಾತ್ರ. 2025ರ ಕೊನೆಯಿಂದ ರ‍್ಯಾಮಿನ ರೇಟ್ ಬಂಗುಡೆಗಿಂತ ಜೋರು ಏರಿದೆ. 25 ಸಾವಿರದಲ್ಲಿ ಬೋರ್ಡು, ಪ್ರೊಸೆಸರು, ಮೇಲೆ ರ‍್ಯಾಮು, ಆಗುವ ಲೆಕ್ಕ ಅಲ್ಲ.

ಕಾಪುವಿನವರೇ, ನಿಮ್ಮ ಉತ್ತರ ಆ 4:2:2ರಲ್ಲೇ ಉಂಟು. ಅಂಥ ಎಚ್.265 (ವಿಡಿಯೋ ಕುಗ್ಗಿಸಿಡುವ ಒಂದು ವಿಧಾನ) ಫೈಲನ್ನು ಬಿಡಿಸುವ ಹಾರ್ಡ್‌ವೇರ್ 5600ಜಿಯ ಗ್ರಾಫಿಕ್ಸಲ್ಲಿ ಇಲ್ಲ, ಎಲ್ಲ ಹೊರೆ ಕೋರುಗಳ ಮೇಲೆ ಬೀಳ್ತದೆ. ನಿಮ್ಮ 7100ರಲ್ಲೂ ಇಲ್ಲ, ಅದಕ್ಕೇ ಪದ ಮತ್ತು ಕುಣಿತ ಬೇರೆಯಾದದ್ದು. ಐ5-12400ರ ಒಳಗಿನ ಗ್ರಾಫಿಕ್ಸಲ್ಲಿ ಕ್ವಿಕ್ ಸಿಂಕ್ ಎಂಬ, ವಿಡಿಯೋ ಬಿಡಿಸುವ ಭಾಗ ಇದನ್ನು ಮಾಡ್ತದೆ. 6 ಕೋರ್, 12 ಥ್ರೆಡ್. ಬಿಲ್ಲಲ್ಲಿ 12400 ಅಂತಲೇ ಇರಬೇಕು, 12400ಎಫ್ ಕೊಟ್ಟರೆ ನಿಮಗೆ ಮತ್ತೆ ಹಳೇ ಕಥೆ. ಹಳೇ ವಿಧಾನವಾದ ಎಚ್.264ನಲ್ಲಿ 4:2:2 ಇಟ್ಟರೆ ಇದರಲ್ಲೂ ಆಗುವುದಿಲ್ಲ, ಕ್ಯಾಮೆರಾದಲ್ಲಿ ಎಚ್.265 ಆಯ್ಕೆ ಮಾಡಿ. ಎಡಿಟ್ ಮಾಡುವ ಸಾಫ್ಟ್‌ವೇರ್ ಕ್ವಿಕ್ ಸಿಂಕ್ ಬಳಸ್ತದಾ ಅಂತಲೂ ಸೆಟ್ಟಿಂಗಲ್ಲಿ ನೋಡಿ.

ಸುರತ್ಕಲ್ ಹಾಸ್ಟೆಲ್

ಆದ್ರೆ 12400 ಕೂರುವ ಎಲ್‌ಜಿಎ 1700 ಮುಗಿದ ಸಾಕೆಟ್ ಅಲ್ವಾ ಸರ್? 2024ರಲ್ಲೇ 1851 ಬಂತು.

ಮಣಿಪಾಲ ಬೆಂಚು

ಮುಗಿದದ್ದು ಹೌದು. ಆದ್ರೆ "ಮುಂದೆ ಬರ್ತದೆ" ಅನ್ನುವ ಚಿಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇವತ್ತು ಬೋರ್ಡಿನ ಸಪೋರ್ಟ್ ಪಟ್ಟಿ ತೆಗೆದ್ರೆ ಅದರಲ್ಲಿ ಯಾವುದರ ಹೆಸರು ಉಂಟು, ಅದು ಮಾತ್ರ ಅಪ್‌ಗ್ರೇಡ್. ಎಚ್110ರ ಮಾಲೀಕರಿಗೆ ಇದನ್ನು ಬಿಡಿಸಿ ಹೇಳಬೇಕಾ? 1700ರ ಪಟ್ಟಿಯಲ್ಲಿ ಐ7-12700 ಉಂಟು, 12 ಕೋರ್, 20 ಥ್ರೆಡ್. ಮೂರು ವರ್ಷ ಬಿಟ್ಟು ಸೆಕೆಂಡ್‌ಹ್ಯಾಂಡ್ ಸಿಕ್ಕಿದ್ರೆ 12400 ತೆಗೆದು ಅದನ್ನು ಕೂರಿಸಿದ್ರಾಯ್ತು. 13, 14ನೇ ತಲೆಮಾರಿನ ದೊಡ್ಡ ಚಿಪ್ಪುಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಹಾಳಾಗುವ ತೊಂದರೆ ಇತ್ತು, ಇಂಟೆಲ್ 2024ರಲ್ಲಿ ಅದಕ್ಕೆ ತಿದ್ದುಪಡಿಯ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಸಾಫ್ಟ್‌ವೇರ್) ಬಿಡುಗಡೆ ಮಾಡಿ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅಂಥದ್ದನ್ನು ಸೆಕೆಂಡ್‌ಹ್ಯಾಂಡ್ ತಗೊಳ್ಳುವುದು ಬೇಡ. 12ನೇದಕ್ಕೆ ಆ ರೋಗ ಇಲ್ಲ.

ಉಳಿತಾಯ ಮಾಡುವುದಾದ್ರೆ ಬೋರ್ಡಲ್ಲಿ ಮಾಡಬೇಡಿ. ಎಚ್610ರ ಅಗ್ಗದ ಬೋರ್ಡುಗಳಲ್ಲಿ ಪ್ರೊಸೆಸರಿಗೆ ಕರೆಂಟ್ ಕೊಡುವ ಭಾಗ ಸಪೂರ, ಅದರ ಮೇಲೆ ಹೀಟ್‌ಸಿಂಕೂ ಇರುವುದಿಲ್ಲ. ಐ7 ಹಾಕಿದ್ರೆ ಬಿಸಿಯಾಗಿ ವೇಗ ಇಳಿಸ್ತದೆ. ತಗೊಳ್ಳಬೇಕಾದದ್ದು ಬಿ760 ಬೋರ್ಡ್, ಅದರಲ್ಲೂ ಡಿಡಿಆರ್4ನದ್ದು, ನಾಲ್ಕು ರ‍್ಯಾಮ್ ಸ್ಲಾಟ್ ಇದ್ದದ್ದು. ಒಂದೇ ಮಾಡೆಲ್ ಹೆಸರಲ್ಲಿ ಡಿಡಿಆರ್5ನದ್ದೂ ಇರ್ತದೆ, ಡಬ್ಬಿ ತೆರೆಯುವ ಮೊದಲು ಓದಿ.

ಬಿಜೈ ಬಾಯ್

ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಯಾವುದು? 2018ರ ಲೋಕಲ್ ಆದ್ರೆ ಪ್ರೊಸೆಸರಿಗೆ ಕರೆಂಟ್ ಕೊಡುವ ವಯರ್ 4 ಪಿನ್ನಿನದ್ದು ಇರ್ತದೆ, ಹೊಸ ಬೋರ್ಡಿಗೆ 8 ಬೇಕು.

ಕಾಪು ಕಡಲಬದಿ

ತೆಗೆದು ನೋಡಿದೆ. 4 ಪಿನ್ನೇ. 🙄

ಮಣಿಪಾಲ ಬೆಂಚು

12400 ನಾಲ್ಕರಲ್ಲೂ ಆನ್ ಆದೀತು, ಆದ್ರೆ ಎಂಟು ವರ್ಷ ಉಪ್ಪುಗಾಳಿ ಕುಡಿದ ಎಸ್‌ಎಂಪಿಎಸ್ಸನ್ನು ಹೊಸ ಬೋರ್ಡಿಗೆ ಕಟ್ಟಬೇಡಿ. ಅದಕ್ಕೆ ಪ್ರತ್ಯೇಕ ದುಡ್ಡು ಇಡಿ. ಗುಡುಗು ಬಂದಾಗ ಪ್ಲಗ್ ತೆಗೆಯಿರಿ, ಅರ್ತಿಂಗ್ ಸರಿ ಉಂಟಾ ಅಂತ ಎಲೆಕ್ಟ್ರಿಷಿಯನ್ ಹತ್ರ ಒಮ್ಮೆ ನೋಡಿಸಿ. ಮಳೆಗಾಲದಲ್ಲಿ ಉಪಯೋಗ ಇಲ್ಲದಿದ್ರೂ ದಿನಕ್ಕೊಮ್ಮೆ ಆನ್ ಮಾಡಿಡಿ.

ಕಾಪು ಕಡಲಬದಿ (ಹನ್ನೆರಡು ದಿನ ಬಿಟ್ಟು)

12400, ಬಿ760 ಡಿಡಿಆರ್4, ಹೊಸ ಎಸ್‌ಎಂಪಿಎಸ್ ತಂದೆ. ಬಜೆಟ್ ದಾಟಿತು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಮನೆಯವರೂ ಓದ್ತಾರೆ. ಹಳೇ ರ‍್ಯಾಮ್ ಮೊದಲ ಸಲಕ್ಕೇ ಹಿಡಿಯಿತು. ಒಂದು ಕಾಲಮಿತಿ ಆಟದ ಫೈಲ್ ಹಾಕಿ ನೋಡಿದೆ, ಚಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಬೀಳ್ತದೆ. ಉಳಿದ 9400ಎಫ್ ಎಂತ ಮಾಡುವುದು?

ಬಿಜೈ ಬಾಯ್

ನನ್ನ ಹತ್ರ ಎಚ್310 ಬೋರ್ಡ್ ಖಾಲಿ ಬಿದ್ದಿದೆ, ಗ್ರಾಫಿಕ್ಸ್ ಕಾರ್ಡೂ ಉಂಟು. ರೇಟ್ ಹೇಳಿ.

ಮಣಿಪಾಲ ಬೆಂಚು

ಬಯಾಸ್ ಯಾವ ವರ್ಷದ್ದು ಅಂತ ನೋಡಿ ದುಡ್ಡು ಕೊಡಿ. ಮೊದಮೊದಲ ಎಚ್310 ಬೋರ್ಡುಗಳು ಅಪ್‌ಡೇಟ್ ಮಾಡದೆ 9ನೇದನ್ನು ಹಿಡಿಯುವುದಿಲ್ಲ, ಅಪ್‌ಡೇಟ್ ಮಾಡ್ಲಿಕ್ಕೆ 8ನೇದು ಒಂದು ಬೇಕು.