ಪುಟ್ಟಿಗೆ: ಕೋಚ್ ಹೋದ್ರೆ ಪಾಪು ಯಾಕ್ ಹೋಗ್ಬೇಕು

ಪುಟ್ಟಿ, ನಿನ್ ಮೆಸೇಜ್ ಬೆಳಗ್ಗೆ ಕಾಫಿ ಕುಡೀವಾಗ ನೋಡ್ದೆ ಕಣಮ್ಮ. ಅಮೆರಿಕದಲ್ಲಿ ಓದ್ತಿರೋ ಪಾಪು ಶನಿವಾರದಿಂದ ಸರಿಯಾಗಿ ಊಟ ಮಾಡಿಲ್ಲ, ಕಾಲೇಜ್ ಫುಟ್ಬಾಲ್ ಟೀಮಿನ ಕೋಚ್‌ನ ತೆಗ್ದುಬಿಟ್ರು, ನಂಗೆ ಇನ್ನು ಈ ಪೆನ್ ಸ್ಟೇಟ್ ಯೂನಿವರ್ಸಿಟೀನೇ ಬೇಡ, ಈಗ್ಲೇ ಬಿಟ್ಟು ಬೇರೆ ಕಾಲೇಜಿಗೆ ಹೋಗ್ತೀನಿ ಅಂತಿದಾನೆ, ಏನ್ ಮಾಡ್ಲಿ ಮಾವ ಅಂತ ಕೇಳಿದೀಯ. ಗ್ರೂಪಲ್ಲಿ ಹನ್ನೊಂದು ಜನ ಕೈ ಮುಗಿದಿರೋ ಇಮೋಜಿ ಹಾಕಿದಾರೆ, ಒಬ್ರೂ ಉತ್ತರ ಹೇಳಿಲ್ಲ. ಹಾಸನದ ಅಕ್ಕ ಅಂತೂ ಚೆಂಡಾಟಕ್ಕೆ ಊಟ ಬಿಡ್ತಾರಾ ಅಂತ ನಗಾಡಿದಾಳೆ. ಅಕ್ಕ, ಅದು ನಮ್ ಕಾಲಲ್ಲಿ ಒದೆಯೋ ಫುಟ್ಬಾಲ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಡಿಕ್ಕಿ ಹೊಡ್ಕೊಳೋದು, ಒಂದ್ ಮ್ಯಾಚಿಗೆ ಅಲ್ಲಿ ಲಕ್ಷದ ಮೇಲೆ ಜನ ಸೇರ್ತಾರೆ. ನಮ್ ಹುಡ್ಗ ಆ ಟೀಮಿನ ಪ್ರಾಕ್ಟೀಸ್ ವಿಡಿಯೋ ತೆಗ್ಯೋ ಕೆಲ್ಸ ಮಾಡ್ತಾನೆ, ಆಟ ನಡ್ಸೋ ಕ್ವಾರ್ಟರ್‌ಬ್ಯಾಕ್ ಹುಡ್ಗ ಡ್ರೂ ಆಲರ್ ಏಟು ಬಿದ್ದು ಈ ಸೀಸನ್ನೇ ಆಡಂಗಿಲ್ಲ ಅಂತಾದಾಗ ಇವನು ಮೈದಾನದ ಪಕ್ಕದಲ್ಲೇ ಇದ್ನಂತೆ. ಅವನ ಹೊಟ್ಟೆಗೆ ಅನ್ನ ಹೆಂಗ್ ಇಳಿಯತ್ತೆ ಹೇಳು.

ನಂಗೂ ಬೇಜಾರೇ. ಸೀಸನ್ ಶುರು ಆಗೋಕೆ ಮುಂಚೆ ಇಡೀ ದೇಶದಲ್ಲಿ 2ನೇ ನಂಬರ್ ಟೀಮು. ಮೊದಲ್ನೇ ಮೂರು ಮ್ಯಾಚು ನೆವಾಡ, ಎಫ್‌ಐಯು, ವಿಲನೋವಾ, ಎಲ್ಲಾ ಮದುವೆ ಮನೇಲಿ ಬಾಳೆ ಎಲೆ ಹಾಸಿದಂಗೆ ಸುಲಭ. ಅಲ್ಲೇ ಮೋಸ ಹೋಗಿದ್ದು, ಗಟ್ಟಿ ಎದುರಾಳಿ ಮುಂದೆ ನಾವೆಷ್ಟು ಅಂತ ಅವರಿಗೇ ಗೊತ್ತಾಗ್ಲಿಲ್ಲ. ಆಮೇಲೆ ಓರೆಗಾನ್ ಹತ್ರ ಎರಡು ಓವರ್‌ಟೈಮ್ ಎಳೆದು 30-24ಕ್ಕೆ ಸೋಲು. ಅದಾದ್ರೂ ಒಪ್ಕೋಬಹುದು. ಮುಂದಿನ ವಾರ ಅಲ್ಲಿವರೆಗೂ ಒಂದೂ ಗೆಲ್ಲದೇ ಇರೋ ಯುಸಿಎಲ್‌ಎ ಹತ್ರ 42-37! ಅವರು ಕೋಚ್‌ನ ಆಗ್ಲೇ ಮನೆಗೆ ಕಳ್ಸಿ, ತಾತ್ಕಾಲಿಕ ಕೋಚ್ ಇಟ್ಕೊಂಡು ಆಡ್ತಿದ್ರು. ಅವರ ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡ್ಕೊಂಡು ಎದುರಾಳಿ ಕೊನೇ ಗೆರೆ ದಾಟಿ ಓಡಿ ಮೂರು ಟಚ್‌ಡೌನ್ ಮಾಡಿದ, ಮೊದಲ್ನೇ ಸಲ ಓಡಿದಾಗ ಆಶ್ಚರ್ಯ ಆಯ್ತು ಬಿಡು, ಮೂರನೇ ಸಲಕ್ಕೂ ಅದಕ್ಕೆ ಔಷಧಿ ಇಲ್ಲ ಅಂದ್ರೆ ಪಕ್ಕದಲ್ಲಿ ನಿಂತಿರೋ ಕೋಚುಗಳು ಏನ್ ಮಾಡ್ತಿದ್ರು? ಡಿಫೆನ್ಸ್ ನೋಡ್ಕೊಳೋಕೆ ಅಂತ ಒಹಾಯೋ ಸ್ಟೇಟಿಂದ ದುಡ್ಡು ಸುರಿದು ಕರ್ಕೊಂಡ್ ಬಂದವರು ಬೇರೆ ಇದ್ರು. ಅದಾದ್ಮೇಲೆ ಮೊನ್ನೆ, 2025ರ ಅಕ್ಟೋಬರ್ 11ನೇ ತಾರೀಕು, ಸ್ವಂತ ಮನೇಲಿ, ಹಳೇ ಸ್ಟೂಡೆಂಟ್ಸೆಲ್ಲ ಸೇರೋ ಹೋಮ್‌ಕಮಿಂಗ್ ದಿನ, ನಾರ್ತ್‌ವೆಸ್ಟರ್ನ್ ಹತ್ರ 22-21. ಭಾನುವಾರ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಔಟ್. 104 ಗೆದ್ದು 45 ಸೋತವನು, ಆದ್ರೆ ಟಾಪ್ ಹತ್ತರ ಟೀಮುಗಳ ಮೇಲೆ ಬರೀ 4 ಗೆಲುವು, 21 ಸೋಲು. ದೊಡ್ಡ ಪರೀಕ್ಷೆ ಬಂದಾಗೆಲ್ಲ ಪೆನ್ನು ನಿಂತುಹೋಗೋ ಹುಡ್ಗನ ತರ. ತಪ್ಪಿಲ್ಲ ಅಂತ ನಾನ್ ಹೇಳಲ್ಲ.

ಆದ್ರೆ ಪುಟ್ಟಿ, ಅರ್ಧ ದಾರೀಲಿ ಬಿಟ್ಟು ಹೋಗೋಕೆ ಬಿಡ್ಬೇಡ. ಮುಂದೇನು ಅಂತ ಗೊತ್ತಿಲ್ದೆ, ಕೈಲಿ ಇರೋದನ್ನ ಬಿಡ್ಬಾರ್ದು. ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ, ಮೈಸೂರ್ ಪಾಕ್ ಹಂಚಿ ಕಲ್ತಿದೀನಿ.

2003ರ ಮಾತು. ನಾನು ಒಮಾಹಾಗೆ ಬಂದು ಆರು ವರ್ಷ ಆಗಿತ್ತು, ಇಲ್ಲಿ ನೆಬ್ರಾಸ್ಕದಲ್ಲಿ ಶನಿವಾರ ಅಂದ್ರೆ ಫುಟ್ಬಾಲು, ಬೇರೆ ದೇವ್ರೇ ಇಲ್ಲ. 1962ರಿಂದ ಲಿಂಕನ್ ಸ್ಟೇಡಿಯಮ್ಮಲ್ಲಿ ಒಂದು ಸೀಟೂ ಖಾಲಿ ಇಲ್ಲ ಅಂತ ಲೆಕ್ಕ ಇಟ್ಟಿರೋ ಊರು. ಟಾಮ್ ಓಸ್ಬೋರ್ನ್ ಅಂತ ಮಹಾನುಭಾವ 25 ವರ್ಷ ಕೋಚ್ ಆಗಿದ್ದು, ಕೊನೇ ನಾಲ್ಕು ವರ್ಷದಲ್ಲಿ ಮೂರು ಚಾಂಪಿಯನ್‌ಶಿಪ್ ಕೊಟ್ಟು ಹೋದ್ರು. ಅವರಾದ್ಮೇಲೆ ಫ್ರಾಂಕ್ ಸೋಲಿಚ್. ಆ ವರ್ಷ 9 ಗೆದ್ದು 3 ಸೋತ. ನಾವೆಲ್ಲ ಏನಂದ್ವಿ? ಸಾಲದು! ನಾನು ಆಫೀಸಲ್ಲಿ ಎಲ್ಲರಿಗಿಂತ ಜೋರು, ನಿನ್ನೆ ಮೊನ್ನೆ ಬಂದವನಿಗೆ ಭಕ್ತಿ ಜಾಸ್ತಿ ನೋಡು. ನವೆಂಬರ್ ಕೊನೇಲಿ ಅವನನ್ನ ತೆಗೆದ್ರು. ಸೋಮವಾರ ನಾನು ನಿಮ್ ಅತ್ತೆ ಮಾಡಿದ ಮೈಸೂರ್ ಪಾಕ್ ಡಬ್ಬ ತಗೊಂಡ್ ಹೋಗಿ ಇಡೀ ಫ್ಲೋರಿಗೆ ಹಂಚ್ದೆ. ಪಾಕ ಕೈ ಮೀರಿ ಕಲ್ಲಾಗಿತ್ತು, ಆ ಜನ ಪಾಪ ಹಲ್ಲಿನ ಡಾಕ್ಟ್ರನ್ನ ನೆನೆಸ್ಕೊಂಡೇ ತಿಂದ್ರು. ಅಲ್ಲೊಬ್ರು ವಯಸ್ಸಾದವರು, ಜೋಳದ ಹೊಲದ ಮನೆಯವರು, ಒಂದ್ ತುಂಡು ತಗೊಂಡು ಕೇಳಿದ್ರು, ಸರಿ, ಈಗ ಯಾರು ಬರ್ತಾರೆ? ನಾನು ಯಾರೋ ಒಬ್ರು ಬರ್ತಾರೆ ಬಿಡಿ ಅಂದೆ. ಅವರು ಮಾತಾಡ್ಲಿಲ್ಲ, ಮೈಸೂರ್ ಪಾಕನ್ನ ಟಿಶ್ಯೂಲಿ ಸುತ್ತಿ ಡ್ರಾಯರಲ್ಲಿ ಇಟ್ರು.

ನಲವತ್ತು ದಿನ ಹುಡುಕಿದ್ರು ಕಣೇ! ಕೊನೆಗೆ ಬಂದವನ ಮೊದಲ್ನೇ ವರ್ಷದಲ್ಲೇ ಟೆಕ್ಸಸ್ ಟೆಕ್ ನಮಗೆ 70-10 ಬಾರಿಸ್ತು, 5 ಗೆಲುವು 6 ಸೋಲು. 1961 ಆದ್ಮೇಲೆ ಗೆದ್ದಿದ್ದಕ್ಕಿಂತ ಸೋತಿದ್ದು ಜಾಸ್ತಿ ಆಗಿದ್ದು ಅದೇ ಮೊದಲು. ನಾನ್ ಆಫೀಸಲ್ಲಿ ತಲೆ ಎತ್ತಿ ಓಡಾಡ್ಲಿಲ್ಲ. ಆಮೇಲೆ ಬಂದ ಬೋ ಪೆಲೀನಿ ಪ್ರತಿ ವರ್ಷ ಒಂಬತ್ತೋ ಹತ್ತೋ ಗೆಲ್ತಿದ್ದ, ಬಾಯಿ ಮಾತ್ರ ಕೆಟ್ಟದು, ಅವನನ್ನೂ 2014ರಲ್ಲಿ ತೆಗೆದ್ರು. ಅದಾದ ಕೆಲವು ವರ್ಷಕ್ಕೆ ನಮ್ಮೂರ ಮಗ ಅಂತ ಸ್ಕಾಟ್ ಫ್ರಾಸ್ಟ್‌ನ ಹೂವಿನ ಹಾರ ಹಾಕದೊಂದು ಬಾಕಿ ಇಟ್ಟು ಕರ್ಕೊಂಡ್ ಬಂದ್ರು, 2018ರಲ್ಲಿ ಸಾಲಾಗಿ ಮೊದಲ ಆರು ಮ್ಯಾಚೂ ಸೋಲು. 2021ರಲ್ಲಿ ಒಂಬತ್ತು ಸೋಲು, ಒಂಬತ್ತೂ ಒಂಬತ್ತು ಪಾಯಿಂಟ್ ಒಳಗೆ, ಅಂದ್ರೆ ಹುಡುಗರಲ್ಲಿ ಕಸುವಿತ್ತು, ಕೊನೇ ಐದ್ ನಿಮಿಷ ನಡ್ಸೋ ತಲೆ ಇರ್ಲಿಲ್ಲ. ಅವನನ್ನ 2022ರ ಸೆಪ್ಟೆಂಬರಲ್ಲಿ ಸೀಸನ್ ಮಧ್ಯೆ ತೆಗೆದ್ರು, ಅಕ್ಟೋಬರ್ 1ರವರೆಗೆ ಕಾದಿದ್ರೆ, ಕರಾರು ಮುಗಿಯೋ ಮುಂಚೆ ತೆಗೆದಿದ್ದಕ್ಕೆ ಅವನಿಗೆ ಕೊಡೋ ದುಡ್ಡು 15 ಮಿಲಿಯನ್ನಿಂದ ಏಳೂವರೆಗೆ ಇಳೀತಿತ್ತು. ಮೂರು ವಾರಕ್ಕೆ ಏಳೂವರೆ ಮಿಲಿಯನ್ ಡಾಲರ್! ನಮ್ ಅಣ್ಣ ಆಗಿದ್ರೆ ಕಾಯ್ತಿದ್ದ. ಪೆನ್ ಸ್ಟೇಟಿನವರು ಈಗ ಸುಮಾರು 49 ಮಿಲಿಯನ್ ಡಾಲರ್ ಬಾಕಿ ಇರುವಾಗ್ಲೇ ತೆಗ್ದಿದಾರೆ. ಯಾರು ಬರ್ತಾರೆ ಅಂತ ಕೇಳಿದ್ರೆ ಈಗ್ಲೂ ಅದೇ ಉತ್ತರ, ಯಾರೋ ಒಬ್ರು ಬರ್ತಾರೆ.

ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಅರ್ಧ ದಾರೀಲಿ ಬಿಡೋಕೆ ಬಿಡ್ಬೇಡ. ಮುಂದೇನು ಅಂತ ಕೈಲಿ ಇಟ್ಕೊಂಡು ಆಮೇಲೆ ಬಿಡ್ಲಿ.

ಮಧ್ಯದಲ್ಲಿ ತೆಗೆಯೋದು ಅಂದಾಗ ನಂದೂ ನೆನಪಾಯ್ತು. ಇಲ್ಲಿನ ಸಂಘದ ಹೆಸರು ಹೇಳಲ್ಲ, ಆದ್ರೆ ಹದಿನಾಲ್ಕು ವರ್ಷ ಊಟದ ಕಮಿಟಿ ನೋಡ್ಕೊಂಡವನು ನಾನು. ರಾಜ್ಯೋತ್ಸವಕ್ಕೆ ಐದು ವಾರ ಇದ್ದಾಗ, ಹೊಸಬರಿಗೆ ಅವಕಾಶ ಕೊಡೋಣ ಅಂತ ವಾಟ್ಸಾಪಲ್ಲಿ ಒಂದ್ ಸಾಲು ಹಾಕಿ ನನ್ನ ತೆಗೆದ್ರು. ಫೋನ್ ಕೂಡ ಮಾಡ್ಲಿಲ್ಲ! ಆ ದಿನ ಮುನ್ನೂರು ಜನಕ್ಕೆ ಬಿಸಿಬೇಳೆಬಾತ್ ಸಾಲ್ದೆ ಕೊನೆ ಪಂಕ್ತಿಗೆ ಪಿಜ್ಜಾ ತರ್ಸಿದ್ರು, ಪಿಜ್ಜಾ! ಬೇಳೆ ಎಷ್ಟು ಸೇರು ಅಂತ ಬರೆದಿದ್ದ ನನ್ ಡೈರಿ ಯಾರಾದ್ರೂ ಕೇಳಿದ್ರಾ? ಈ ಗ್ರೂಪಲ್ಲೂ ಅಷ್ಟೇ ಬಿಡು, ಮೊಣಕಾಲು ಆಪರೇಷನ್ ಆದಾಗ ಇಬ್ರೇ ಫೋನ್ ಮಾಡಿದ್ದು. ಯಾರು ಅಂತ ಗೊತ್ತು, ಯಾರಲ್ಲ ಅಂತಾನೂ ಗೊತ್ತು.

ಅಯ್ಯೋ, ಹೇಳ್ಬೇಕಾಗಿದ್ದೇ ಬಿಟ್ಟೆ. ಪುಟ್ಟಿ, ಇದನ್ನ ಬರ್ಕೋ. ಪಾಪು ಎಫ್-1 ವೀಸಾ, ಅಂದ್ರೆ ಸ್ಟೂಡೆಂಟ್ ವೀಸಾ ಮೇಲಿದಾನೆ. ಸೆಮಿಸ್ಟರ್ ಮಧ್ಯೆ ಬೇಜಾರಾಗಿ ಒಂದು ಕೋರ್ಸ್ ಡ್ರಾಪ್ ಮಾಡಿ 12 ಕ್ರೆಡಿಟ್ಟಿಗಿಂತ ಕೆಳಗೆ ಇಳಿದ್ರೆ ಸ್ಟೇಟಸ್ಸಿಗೇ ಕುತ್ತು, ಕೋಚ್‌ಗೆ ಕೊಟ್ಟಂಗೆ ಅವನಿಗೆ ಯಾರೂ ಮಿಲಿಯನ್‌ಗಟ್ಟಲೆ ಕೊಡಲ್ಲ. ಏನೇ ಮುಟ್ಟೋ ಮುಂಚೆ ಇಂಟರ್‌ನ್ಯಾಷನಲ್ ಆಫೀಸಲ್ಲಿ ಅವನ ಐ-20, ಅಂದ್ರೆ ವೀಸಾಗೆ ಅಂತ ಕಾಲೇಜು ಕೊಡೋ ಪತ್ರ, ನೋಡ್ಕೊಳೋರ ಹತ್ರ ಕೂತು ಮಾತಾಡ್ಲಿ. ಕಾಲೇಜ್ ಬದಲಾಯಿಸೋದಾದ್ರೂ ಈ ಸೆಮಿಸ್ಟರ್ ಮುಗಿಸಿ, ಆ ಕಡೆ ಸೀಟು ಸಿಕ್ಕಿದ ಪತ್ರ ಕೈಗೆ ಬಂದ್ಮೇಲೆ, ಇವರ ಮೂಲಕಾನೇ ರೆಕಾರ್ಡ್ ವರ್ಗಾಯಿಸ್ಕೊಂಡು ಹೋಗ್ಲಿ. ಇನ್ನೊಂದು, ವಿಡಿಯೋ ಕೆಲ್ಸ ಕೊಟ್ಟವರು ಯಾರು, ಸಂಬಳದ ಚೀಟೀಲಿ ಯಾರ ಹೆಸರಿದೆ ನೋಡ್ಲಿ. ಕೆಲ್ಸ ಮುಂದುವರಿಯತ್ತಾ ಅಂತ ಅವರಿಗೆ ಒಂದು ಈಮೇಲ್ ಹಾಕಿ ಉತ್ತರ ಬರಹದಲ್ಲೇ ತಗೊಳ್ಳಿ, ಬಾಯಿ ಮಾತು ಬೇಡ. ಕೆಲ್ಸ ಹೋದ್ರೆ ಅದೇ ಕ್ಯಾಂಪಸ್ಸಲ್ಲಿ ಲೈಬ್ರರಿ, ಮೆಸ್ಸು ಅಂತ ಬೇರೆ ಹುಡುಕ್ಲಿ, ಕ್ಲಾಸ್ ನಡೀವಾಗ ವಾರಕ್ಕೆ 20 ಗಂಟೆ ಮೀರ್ಬಾರ್ದು. ಹೊರಗಡೆ ಪೆಟ್ರೋಲ್ ಬಂಕು ಹೋಟ್ಲು ಅಂತ ಯಾರಾದ್ರೂ ಕರೆದ್ರೆ ಬೇಡ ಅಂತ ಹೇಳು. ಕೋಚ್ ಬಗ್ಗೆ ಇನ್‌ಸ್ಟಾಗ್ರಾಮಲ್ಲಿ ಏನೂ ಹಾಕೋದು ಬೇಡ, ಒಳಗಡೆ ಕೆಲ್ಸ ಮಾಡೋ ಹುಡ್ಗ ಅವನು.

ಫ್ರಾಂಕ್ಲಿನ್ ಹೋದ್ಮೇಲೆ ಟೆರಿ ಸ್ಮಿತ್ ಅಂತ ಅಲ್ಲೇ ಆಡಿದ ಹಳೇ ಆಟಗಾರನ್ನೇ ತಾತ್ಕಾಲಿಕ ಕೋಚ್ ಮಾಡಿದ್ರು. ಈ ಶನಿವಾರ ಅವರ ಮ್ಯಾಚು ಅಯೋವಾದಲ್ಲಿ. ಇವನನ್ನ ಟೀಮ್ ಜೊತೆ ಕರ್ಕೊಂಡ್ ಬರ್ತಾರಾ ಕೇಳಿ ಹೇಳು, ಒಮಾಹಾಯಿಂದ ನಾಲ್ಕು ಗಂಟೆ ದಾರಿ, ಮೊಣಕಾಲು ಈಗ ಪರವಾಗಿಲ್ಲ, ನಾನೇ ಓಡಿಸ್ಕೊಂಡ್ ಹೋಗ್ತೀನಿ. ಸೋಮವಾರ ದೀಪಾವಳಿ, ನಿಮ್ ಅತ್ತೆ ಚಕ್ಕುಲಿಗೆ ಹಿಟ್ಟು ಬೀಸೋಕೆ ಕೂತಿದಾಳೆ. ಮೈಸೂರ್ ಪಾಕ್ ಬೇಡ ಅಂತ ನಾನೇ ಹೇಳಿದೀನಿ.