ಅಬ್ಡಕ್ಷನ್‌ಗೆ ‘ಅನುಮಾನ’ ಆಗುತ್ತದೆಯೇ?

ಗೆಳೆಯರೆ,

ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914, ಕಾಗುಣಿತ ನೋಡಿ ಹಲವರು ಪಿಯರ್ಸ್ ಅನ್ನುತ್ತಾರೆ) ಬಗ್ಗೆ ಬರೆಯಲು ಕೂತವನು ಒಂದೇ ಪದಕ್ಕೆ ಸಿಕ್ಕಿಕೊಂಡು ನಿಂತಿದ್ದೇನೆ. ಡಿಡಕ್ಷನ್‌ಗೆ ನಿಗಮನ (ನಿಯಮದಿಂದ ನಿದರ್ಶನಕ್ಕೆ ಇಳಿಯುವುದು), ಇಂಡಕ್ಷನ್‌ಗೆ ಅನುಗಮನ (ನಿದರ್ಶನಗಳಿಂದ ನಿಯಮಕ್ಕೆ ಏರುವುದು), ಇವು ಬಿ.ಎಡ್. ಓದಿದವರಿಗೆಲ್ಲ ಬಾಯಿಪಾಠ. ಇವೆರಡರ ಪಕ್ಕ ಪರ್ಸ್ ಕೂರಿಸಿದ ಮೂರನೆಯದು ಅಬ್ಡಕ್ಷನ್. ನಿಘಂಟು ತೆಗೆದರೆ ‘ಅಪಹರಣ’ ಅನ್ನುತ್ತದೆ. ತರ್ಕಶಾಸ್ತ್ರದಲ್ಲಿ ಪೊಲೀಸರಿಗೇನು ಕೆಲಸ!

1878ರಲ್ಲಿ, ಇದನ್ನಿನ್ನೂ ಹೈಪಾಥಿಸಿಸ್ ಎಂದೇ ಕರೆಯುತ್ತಿದ್ದಾಗ, ಆತ ಕೊಟ್ಟ ಉದಾಹರಣೆ ಇದು. ಕೋಣೆಯೊಳಗೆ ಬಗೆಬಗೆಯ ಕಾಳಿನ ಚೀಲಗಳಿವೆ. ಮೇಜಿನ ಮೇಲೆ ಒಂದು ಹಿಡಿ ಬಿಳಿ ಕಾಳು ಬಿದ್ದಿದೆ. ಹುಡುಕಿದರೆ ಒಂದು ಚೀಲದ ತುಂಬ ಬರೀ ಬಿಳಿ ಕಾಳು. ‘ಓ, ಇದು ಅದರದ್ದೇ ಇರಬೇಕು’ ಅನ್ನುತ್ತೇವೆ. ಆ ‘ಇರಬೇಕು’ ಇದೆಯಲ್ಲ, ಅದೇ ಅಬ್ಡಕ್ಷನ್.

ಮೊದಲು ಹೊಳೆದದ್ದು ಅರ್ಥಾಪತ್ತಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ; ಅಂದಮೇಲೆ ರಾತ್ರಿ ಉಣ್ಣುತ್ತಾನೆ. ಆದರೆ ಮೀಮಾಂಸಕರಿಗೆ (ವೇದದ ಅರ್ಥವಿಚಾರ ಮಾಡುವ ದಾರ್ಶನಿಕರಿಗೆ) ಅದು ಪ್ರಮಾಣ, ಅಂದರೆ ಖಚಿತ ತಿಳಿವಿನ ಸಾಧನ; ಬೇರೆ ದಾರಿಯೇ ಇಲ್ಲವೆಂಬ ಖಾತರಿ ಅದರಲ್ಲಿದೆ. ಪರ್ಸ್ ಹೇಳುವುದು ಪರೀಕ್ಷೆಗೆ ಹಚ್ಚಲು ಯೋಗ್ಯವಾದ ಊಹೆ, ಅಷ್ಟೇ. ನಿಗಮನ-ಅನುಗಮನಕ್ಕೆ ಪ್ರಾಸ ಕೂಡಿಸಿ ‘ಅಪಗಮನ’ ಅನ್ನಬಹುದು, ಆದರೆ ಅದು ಯಾರೋ ಎದ್ದು ಹೋದಂತೆ ಕೇಳುತ್ತದೆ. ಬರೀ ‘ಊಹೆ’ ಎಂದರೆ ತೀರಾ ಸಡಿಲ, ಲಾಟರಿ ನಂಬರಿಗೂ ಆದೀತು.

ಉಳಿದದ್ದು ‘ಅನುಮಾನ’. ನಮ್ಮ ಹಳೆಯ ತರ್ಕದರ್ಶನವಾದ ನ್ಯಾಯಶಾಸ್ತ್ರದಲ್ಲಿ ಇದು ಬೆಟ್ಟದ ಹೊಗೆಯಿಂದ ಬೆಂಕಿ ತಿಳಿಯುವ ಪ್ರಮಾಣ. ವ್ಯಾಪ್ತಿಯ (‘ಹೊಗೆ ಇದ್ದಲ್ಲೆಲ್ಲ ಬೆಂಕಿ’ ಎಂಬಂಥ ತಪ್ಪದ ನಂಟಿನ) ಬಲ ಇರುವುದರಿಂದ ನಿಗಮನಕ್ಕೇ ಹತ್ತಿರ. ದಿನದ ಕನ್ನಡದಲ್ಲಿ ಮಾತ್ರ ಅದು ಸಂಶಯ: ‘ಅವನ ಮೇಲೆ ನನಗೆ ಅನುಮಾನ’. ಸ್ವಾರಸ್ಯ ಇಲ್ಲಿದೆ. 1903ರ ಹಾರ್ವರ್ಡ್ ಉಪನ್ಯಾಸದಲ್ಲಿ ಪರ್ಸ್ ಕೊಟ್ಟ ಸೂತ್ರದ ಸಾರ ಹೀಗೆ: ಅಚ್ಚರಿಯ ಸಂಗತಿಯೊಂದು ಕಂಡಿತು, ‘ಅ’ ನಿಜವಾಗಿದ್ದರೆ ಅದು ಸಹಜ, ಆದ್ದರಿಂದ ‘ಅ’ ನಿಜವಿರಬಹುದೆಂದು ಸಂಶಯಪಡಲು ಕಾರಣವಿದೆ. ಅಲ್ಲಿ ಆತ ಬಳಸಿದ ಕ್ರಿಯಾಪದ ‘ಸಸ್ಪೆಕ್ಟ್’. ಸಂಸ್ಕೃತದ ಅನುಮಾನಕ್ಕಿಂತ ನಮ್ಮ ಅನುಮಾನವೇ ಇದಕ್ಕೆ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಎಣಿಕೆ.

ತೊಡಕು ಬರುವುದು ಮನಸ್ಸಿನ ವಿಚಾರಕ್ಕೆ ಬಂದಾಗ. 1868ರ ಲೇಖನಗಳಲ್ಲಿ ಆತ ಹೇಳುವಂತೆ ಚಿಂತನೆಯೆಲ್ಲ ಸಂಕೇತಗಳಲ್ಲೇ ನಡೆಯುತ್ತದೆ, ಮನಸ್ಸಿನೊಳಕ್ಕೆ ನೇರವಾಗಿ ಇಣುಕುವ ವಿಶೇಷ ಶಕ್ತಿ ನಮಗಿಲ್ಲ. ಸಿಟ್ಟು ಬಂದವನಿಗೆ ಮೊದಲು ಕಾಣುವುದು ‘ಇದು ಎಂಥ ಹೊಲಸು’ ಎಂಬ ಎದುರಿನ ವಸ್ತು. ‘ನನಗೆ ಸಿಟ್ಟು ಬಂದಿದೆ’ ಎಂಬುದು ಆಮೇಲೆ ಅದರಿಂದ ಕಟ್ಟಿಕೊಂಡದ್ದು. ಇದನ್ನು ‘ಮನುಷ್ಯ ತನ್ನ ಮನಸ್ಸನ್ನು ಅನುಮಾನಿಸಿ ತಿಳಿಯುತ್ತಾನೆ’ ಎಂದು ಬರೆದೆ. ಓದಿದರೆ ಪಾಪ, ಅವನಿಗೆ ತನ್ನ ಮೇಲೇ ನಂಬಿಕೆ ಇಲ್ಲ ಅನ್ನಿಸುತ್ತದೆ!

ಸದ್ಯಕ್ಕೆ ತರ್ಕದ ಭಾಗದಲ್ಲಿ ‘ಅನುಮಾನ’, ಮನಸ್ಸಿನ ಭಾಗದಲ್ಲಿ ‘ಊಹೆ’ ಎಂದಿಟ್ಟಿದ್ದೇನೆ. ಇದು ಸಲ್ಲದು, ಏಕೆಂದರೆ ಚೀಲದ ಕಾಳಿಗೂ ಸ್ವಂತ ಸಿಟ್ಟಿಗೂ ನಾವು ತಲುಪುವುದು ಒಂದೇ ದಾರಿಯಲ್ಲಿ ಎಂಬುದೇ ಆತನ ವಾದ. ಎರಡೂ ಕಡೆ ನಿಲ್ಲುವ, ಕ್ರಿಯಾಪದವಾಗಿಯೂ ಬಾಗುವ ಒಂದು ಪದ ಯಾರಿಗಾದರೂ ಹೊಳೆಯುತ್ತದೆಯೇ? ನ್ಯಾಯ ಓದಿದವರಿಗೆ ಇನ್ನೊಂದು ಪ್ರಶ್ನೆ: ‘ಅನುಮಾನ’ವನ್ನು ಹೀಗೆ ಬಳಸಿದರೆ ನಿಮಗೆ ಕಿರಿಕಿರಿಯಾಗುತ್ತದೆಯೇ?